ಹದಿನೇಳನೆಯ ನಂಬರಿನ ಹಾಜರಿ

ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವುದನ್ನು ಮೈಕಿನಲ್ಲಿ ಕೂಗುತ್ತಿದ್ದವನು ನನ್ನ ಸಹಪಾಠಿ. ಹಣ್ಣಿನ ಅಂಗಡಿಗೂ ಶೌಚಾಲಯಕ್ಕೂ ನಡುವೆ ಅವನದೊಂದು ಗೂಡು. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು, ಅಷ್ಟು ಜಾಗ. ಉಗುರಿನಿಂದ ಮೈಕನ್ನು ತಟ್ಟಿ, ಎಡಗೈಯನ್ನು ಕಿವಿಗೆ ಒತ್ತಿಕೊಂಡು ಅವನು ಶುರು ಮಾಡಿದರೆ ಮಲಗಿದ್ದ ಕೂಲಿಯೂ ಎದ್ದು ಕೂರುತ್ತಿದ್ದ. ಮೂಟೆ ಹೊತ್ತು ಏದುಸಿರು ಬಿಡುತ್ತಾ ಬರುವ ಹೆಂಗಸರನ್ನು ಕಿಟಕಿಯಿಂದ ಕಂಡರೆ, "ಓಡ್ಬೇಡಿ ತಾಯಿ, ಡ್ರೈವರ್ ಇನ್ನೂ ಟೀ ಆರಿಸ್ಕೊಂಡು ಕುಡೀತಿದಾರೆ" ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಹೇಳಿಬಿಡುತ್ತಿದ್ದ. ಅದಕ್ಕಾಗಿ ಮ್ಯಾನೇಜರಿಂದ ಬೈಸಿಕೊಂಡಿದ್ದೂ ಉಂಟು. ಮರುದಿನ ಮತ್ತೆ ಅದೇ.

ಶಾಲೆಯಲ್ಲಿ ನಾವು ಅವನನ್ನು ಕಹಳೆ ಎಂದು ಕರೆಯುತ್ತಿದ್ದೆವು. ಈಗಲೂ ಹಾಗೇ ಕರೆಯುತ್ತೇವೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಓದು ತಲೆಗೆ ಹತ್ತದಿದ್ದ ಅವನನ್ನು ಆ ಬಾಯೇ ಬದುಕಿಸಿತ್ತು.

ಆ ಬಾಯಿ ಮೈಕಿನ ಮುಂದೆಯೇ ನಿಂತುಹೋಯಿತು. ಒಂದು ಬೆಳಿಗ್ಗೆ ಬಸ್ಸಿನ ಹೆಸರು ಹೇಳಲು ಹೋಗಿ ಏನೇನೋ ತೊದಲಿದ. ಪ್ಲಾಟ್‌ಫಾರ್ಮಿನಲ್ಲಿದ್ದವರು ನಕ್ಕರು. "ಬೆಳಿಗ್ಗೆ ಬೆಳಿಗ್ಗೇನೇ ಏರಿಸ್ಕೊಂಡು ಬಂದಿದಾನೆ" ಅಂದರಂತೆ. ಮೈಕು ಚಾಲೂ ಇತ್ತು. ಅವನು ಕುರ್ಚಿಯಿಂದ ಜಾರಿ ಬಿದ್ದ ಸದ್ದು ಕೇಳಿದ ಮೇಲೆ ಹಣ್ಣಿನವನು ಬಾಗಿಲು ದೂಡಿ ಒಳಗೆ ಹೋದ.

ಪಾರ್ಶ್ವವಾಯು. ಬಲಗೈ, ಬಲಗಾಲು ಸೋತವು. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಇಡುವಷ್ಟು ಕಾಲು ಮೆಲ್ಲಗೆ ಬಂತು, ಮಾತು ಬರಲಿಲ್ಲ. ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು. ಆದರೆ ನೀರು ಬೇಕಿದ್ದರೆ ನೀರು ಎನ್ನಲು ಆಗುತ್ತಿರಲಿಲ್ಲ. ಬಾಯಿ ತೆರೆದು, ಹುಬ್ಬು ಗಂಟಿಕ್ಕಿ, ಕಳೆದುಹೋದ ಬೀಗದ ಕೈ ಹುಡುಕುವವನಂತೆ ಒಳಗೊಳಗೇ ತಡಕಾಡಿ, ಕೊನೆಗೆ ಸುಮ್ಮನಾಗುತ್ತಿದ್ದ.

ಅವರಿಗೆ ಮಕ್ಕಳಿಲ್ಲ. ಅವನ ಹೆಂಡತಿಯನ್ನು ನಾವೆಲ್ಲ ಅತ್ತಿಗೆ ಎನ್ನುತ್ತೇವೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಆಕೆ ಅಂಗಿಗೆ ಕಾಲರು ಕೂರಿಸುವ ಕೆಲಸ ಮಾಡುತ್ತಿದ್ದರು. ರಜೆಯೆಲ್ಲ ಮುಗಿದು, ಸೂಪರ್‌ವೈಸರ್ ಹೇಳಿಕಳಿಸಿದ್ದ: ಸೋಮವಾರ ಮಷೀನಿನ ಮುಂದೆ ಕೂರದಿದ್ದರೆ ಆ ಮಷೀನು ಇನ್ನೊಬ್ಬಳಿಗೆ.

"ಬೀಗ ಹಾಕ್ಕೊಂಡು ಹೋಗ್ಬೋದು ಅಣ್ಣಾ," ಎಂದರು ನನಗೆ. "ಬೀಗ ಹಾಕಿದ ಮೇಲೆ ಒಳಗೆ ಏನಾಯ್ತು ಅಂತ ಯಾರು ಹೇಳ್ಬೇಕು? ಇವ್ರು ಒಂದು ಸಲ 'ಏ' ಅಂದ್ರೂ ಸಾಕು, ಪಕ್ಕದ ಮನೆಯವ್ರು ಓಡಿ ಬರ್ತಾರೆ. ಆ 'ಏ' ಕೂಡ ಇಲ್ವಲ್ಲ."

ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ, ಹೋದರೆ ಗಂಡನನ್ನು ಗೋಡೆಗೆ ಒಪ್ಪಿಸಿ ಹೋದಂತೆ.

ಆ ಭಾನುವಾರ ನಾವು ಮೂವರು ಅವನ ಮನೆಗೆ ಹೋದೆವು. ಮೊಬೈಲ್ ರಿಪೇರಿ ಅಂಗಡಿಯ ಗುಂಡ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಲೀಡರಮ್ಮ, ಮತ್ತು ಕಾಲೇಜಿನಲ್ಲಿ ಪಾಠ ಹೇಳುವ ನಾನು. ಲೀಡರಮ್ಮ ಏಳನೆಯ ತರಗತಿಯಲ್ಲಿ ನಮಗೆ ಲೀಡರ್ ಆಗಿದ್ದವಳು. ಆ ಅಧಿಕಾರವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ, ಹಳೆಯ ಸಂಗತಿ ಎತ್ತಿ ಮಾತಾಡಿಸಿ, ಬಾಯಿಪಾಠವಾದದ್ದು ಕೆಲವೊಮ್ಮೆ ಉಳಿದಿರುತ್ತದೆ ಎಂದಿದ್ದಳಂತೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಮಂಚದ ಸುತ್ತ ಕೂತು ಶಾಲೆಯ ಮಾತು ತೆಗೆದೆವು.

"ಲೆಕ್ಕದ ಮೇಷ್ಟ್ರ ಜೇಬು ನೆನಪಿದ್ಯೇನೋ ಕಹಳೆ?" ಎಂದ ಗುಂಡ. "ಸೀಮೆಸುಣ್ಣ ಇಟ್ಟು ಇಟ್ಟು, ಅಂಗಿ ಯಾವ ಬಣ್ಣದ್ದಾದ್ರೂ ಜೇಬು ಮಾತ್ರ ಬಿಳೀನೇ. ಒಂದಿನ ಅದೇ ಜೇಬಿಗೆ ಕೈ ಹಾಕಿ ಅಡಿಕೆ ಚೂರು ಅಂದ್ಕೊಂಡು ಸೀಮೆಸುಣ್ಣ ಬಾಯಿಗೆ ಹಾಕ್ಕೊಂಡ್ರಲ್ಲ!"

"ನಕ್ಕಿದ್ದಕ್ಕೆ ನಂಗೆ ಬಿತ್ತು ಏಟು," ಎಂದೆ.

"ನಿನ್ನ ನಗು ಹಾಗಿತ್ತು. ಕುರಿ ಕೆಮ್ಮಿದ ಹಾಗೆ," ಎಂದಳು ಲೀಡರಮ್ಮ.

ಕಹಳೆ ತುಟಿಯ ಎಡಬದಿಯಲ್ಲಿ ನಕ್ಕ. ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ ಅವನ ಬಾಯನ್ನೇ ನೋಡುತ್ತಾ ನಿಂತಿದ್ದರು.

ಲೆಕ್ಕದ ಮೇಷ್ಟ್ರು ನಮ್ಮನ್ನು ಹೆಸರು ಹಿಡಿದು ಕರೆದವರಲ್ಲ. ನಂಬರು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಪುಸ್ತಕದಿಂದ ತಲೆ ಎತ್ತದೆ ನಂಬರು ಕೂಗಿಕೊಂಡು ಹೋಗುವರು. ಮುಂದಿನ ನಂಬರು ಅವರ ಬಾಯಿಗೆ ಬರುವುದರೊಳಗೆ 'ಹಾಜರ್ ಸಾರ್' ಬೀಳಬೇಕು. ಬೀಳದಿದ್ದರೆ ಗೈರುಹಾಜರು, ಎದುರಿಗೇ ಕೂತಿದ್ದರೂ ಗೈರುಹಾಜರು. ತಲೆ ಎತ್ತಿ ನೋಡದ ಅವರ ಅಭ್ಯಾಸವೇ ನಮಗೆ ವರವಾಗಿತ್ತು. ಗುಂಡ ಗೋಲಿ ಆಡಲು ಹೋದ ದಿನಗಳಲ್ಲಿ ಕಹಳೆಯೇ ಧ್ವನಿ ಬದಲಿಸಿ ಅವನ ಹಾಜರಿಯನ್ನೂ ಹೇಳುತ್ತಿದ್ದ.

"ನನ್ನ ಧ್ವನಿ ನನಗಿಂತ ಚೆನ್ನಾಗಿ ತೆಗೀತಿದ್ದ ಕಣ್ರಿ ಅತ್ತಿಗೆ ಇವ್ನು," ಎಂದ ಗುಂಡ. "ಒಂದಿನ ನಾನೇ ಬಂದಿದ್ದೆ, ಆದ್ರೂ ಇವ್ನು ಹೇಳ್ಬಿಟ್ಟ. ಎರಡೆರಡು ನಾನು!"

ಲೀಡರಮ್ಮನಿಗೆ ಹುರುಪು ಬಂತು. ಕನ್ನಡಕ ಮೂಗಿನ ತುದಿಗೆ ಇಳಿಸಿ, ತಲೆ ಬಗ್ಗಿಸಿ, ಮೇಷ್ಟ್ರ ಗೊಗ್ಗರು ದನಿಯಲ್ಲಿ ಶುರು ಮಾಡಿದಳು. "ಹದಿನಾಲ್ಕು!"

"ಹಾಜರ್ ಸಾರ್," ಎಂದೆ.

"ಹದಿನೈದು!" ಗುಂಡನೂ ಹಾಜರ್ ಸಾರ್ ಎಂದ. ಹದಿನಾರು ಅವಳದೇ, ಕೂಗಿ ತಾನೇ ಉತ್ತರಿಸಿದಳು. "ಹದಿನೇಳು!"

"ಹಾಜರ್ ಸಾರ್!"

ಮಂಚದಿಂದ ಬಂದಿತ್ತು. ತೊದಲಿಲ್ಲ, ಎಡವಿಲ್ಲ. ನಿಲ್ದಾಣದ ಮೂಲೆಗೂ ಕೇಳುತ್ತಿದ್ದ ಅದೇ ಗಂಟಲು. ಅತ್ತಿಗೆ ನಿಂತಲ್ಲೇ ನೆಲಕ್ಕೆ ಕುಸಿದು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ಕಹಳೆ ನಮಗಿಂತ ಹೆಚ್ಚು ಬೆಚ್ಚಿದ್ದ. ತನ್ನ ತುಟಿಯನ್ನು ಎಡಗೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡ.

ಮಗ್ಗಿ ಶುರು ಮಾಡಿದೆವು. ಎರಡೊಂದಲ ಎಂದರೆ ಎರಡು ಎಂದ. ಅರ್ಧ ಹೇಳಿ ಬಿಟ್ಟರೆ ಉಳಿದರ್ಧ ಅವನಿಂದ ಬರುತ್ತಿತ್ತು. ಅತ್ತಿಗೆ ಕಣ್ಣೊರೆಸಿಕೊಂಡು ಹತ್ತಿರ ಬಂದರು. "ನನ್ನ ಹೆಸ್ರು ಹೇಳ್ರೀ... ನಾನ್ಯಾರು?" ಅವನು ಬಾಯಿ ತೆರೆದ. ಹುಬ್ಬು ಗಂಟಾಯಿತು. ಏನೂ ಇಲ್ಲ. "ಹೋಗ್ಲಿ, ನೀರು ಅನ್ನಿ. ನೀ..." ಇಲ್ಲ. ಅವನಾಗಿಯೇ ಏನನ್ನೂ ಶುರು ಮಾಡಲಾರ; ಕೂಗಿದರೆ ಓಗೊಡಬಲ್ಲ, ಅಷ್ಟೇ.

"ಇಷ್ಟು ವರ್ಷ ಸಂಸಾರ ಮಾಡಿದ್ದು ನಾನು," ಎಂದರು ಅತ್ತಿಗೆ, ನಗುತ್ತಲೋ ಅಳುತ್ತಲೋ ತಿಳಿಯಲಿಲ್ಲ. "ಒಳಗೆ ಕೂತಿರೋರು ಮೇಷ್ಟ್ರು."

ಉಪಾಯ ಹೊಳೆದದ್ದು ಗುಂಡನಿಗೆ. ಕರೆ ಬಂದರೆ ಯಾವ ಗುಂಡಿಯನ್ನೂ ಒತ್ತದೆ ತಾನೇ ಎತ್ತಿಕೊಳ್ಳುವಂತೆ ಒಂದು ಹಳೆಯ ಮೊಬೈಲನ್ನು ಸಿದ್ಧ ಮಾಡಿ, ದಾರ ಕಟ್ಟಿ ಕಹಳೆಯ ಕೊರಳಿಗೆ ಹಾಕಿದ. ಇತ್ತಲಿಂದ ಹದಿನೇಳು ಎಂದರೆ ಅತ್ತಲಿಂದ ಹಾಜರ್ ಸಾರ್ ಬರಬೇಕು. ಬಂದರೆ ಕ್ಷೇಮ. ಬರದಿದ್ದರೆ ಪಕ್ಕದ ಮನೆಯವರಿಗೆ ಫೋನು. ಒಂದು ಬೀಗದ ಕೈ ಅವರ ಬಳಿ. ಬೆಳಿಗ್ಗೆ ಲೀಡರಮ್ಮ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಅತ್ತಿಗೆಯೇ, ಆಮೇಲೆ ನಾನು, ಸಂಜೆಗೆ ಗುಂಡ.

ಅತ್ತಿಗೆ ಸೋಮವಾರ ಮಷೀನಿನ ಮುಂದೆ ಕೂತರು. ಮೊದಲ ದಿನ ಕಾರ್ಖಾನೆಯ ಕಾಂಪೌಂಡಿನ ಮೂಲೆಯಲ್ಲಿ ನಿಂತು ಅವರು "ಹದಿನೇಳು!" ಎಂದು ಗಂಡಸಿನ ದನಿಯಲ್ಲಿ ಕೂಗಿದಾಗ ಜೊತೆಯ ಹೆಂಗಸರು ಬಿದ್ದು ಬಿದ್ದು ನಕ್ಕರಂತೆ. ಎರಡನೆಯ ವಾರದಲ್ಲಿ ಅವರೇ ಸುತ್ತ ನೆರೆಯತೊಡಗಿದರು. "ಅಂದ್ರಾ? ನಿಮ್ಮನೆಯೋರು ಹಾಜರ್ ಅಂದ್ರಾ?" ಎಂದು ಕೇಳಿ, ಅಂದರು ಎಂದ ಮೇಲೆ ಬುತ್ತಿ ಬಿಚ್ಚುತ್ತಿದ್ದರು.

ನಮಗೂ ಅದೊಂದು ಸಂಭ್ರಮವಾಗಿತ್ತು ಎಂದೇ ಹೇಳಬೇಕು. ಕೆಲಸದ ನಡುವೆ ಒಂದು ನಂಬರು ಕೂಗಿ, ಆ ಗಂಟಲು ಕೇಳಿ, ಮಕ್ಕಳಾಗಿಬಿಡುತ್ತಿದ್ದೆವು. ಗುಂಡನಂತೂ ಸಂಜೆ ಬರಿಯ ನಂಬರು ಹೇಳುತ್ತಿರಲಿಲ್ಲ. ಮೇಷ್ಟ್ರ ಬೈಗುಳವನ್ನೂ ಸೇರಿಸುತ್ತಿದ್ದ.

ಒಂದು ದಿನ ಎಂದಿನಂತೆ ಕೂಗಿದವರಿಗೆಲ್ಲ ಉತ್ತರ ಬಂದಿತ್ತು. ಲೀಡರಮ್ಮನಿಗೆ ಬಂತು. ಅತ್ತಿಗೆಗೆ ಬಂತು. ನಾನು ತರಗತಿಯಿಂದ ತರಗತಿಗೆ ನಡೆಯುತ್ತಾ ಕೂಗಿದೆ, ನನಗೂ ಬಂತು.

ಸಂಜೆ ಅತ್ತಿಗೆ ಬೀಗ ತೆಗೆದು ಒಳಗೆ ಹೋದರೆ ಮಂಚ ಖಾಲಿ. ಬಚ್ಚಲಿನ ಹೊಸ್ತಿಲಿಗೆ ಅಡ್ಡಲಾಗಿ ಅವನು ಬಿದ್ದಿದ್ದ. ಒಂದು ಕಾಲು ಮೈಯಡಿಗೆ ಮಡಚಿಕೊಂಡಿತ್ತು. ಪಂಚೆಯೆಲ್ಲ ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗಿತ್ತು. ಬೆಳಿಗ್ಗೆ ಇಟ್ಟುಹೋಗಿದ್ದ ಇಡ್ಲಿಯ ತಟ್ಟೆ ಮುಚ್ಚಿದಂತೆಯೇ ಇತ್ತು. ಅಂದರೆ ಆಕೆ ಬೆನ್ನು ತಿರುಗಿಸಿದ ಸ್ವಲ್ಪ ಹೊತ್ತಿಗೇ ಬಿದ್ದಿದ್ದ. ಆಕೆ ಕಿರುಚಿಕೊಂಡು ಪಕ್ಕದಲ್ಲಿ ಕುಕ್ಕರಿಸಿದಾಗ ಅವನು ಸುಮ್ಮನೆ ನೋಡಿದ. ಕಣ್ಣಂಚಿನಿಂದ ಕಿವಿಯವರೆಗೆ ಕಣ್ಣೀರು ಒಣಗಿದ ಬಿಳಿ ಗೆರೆ.

ಆಗ ಎದೆಯ ಮೇಲಿದ್ದ ಮೊಬೈಲು ಗುಂಯ್ಗುಟ್ಟಿ ತಾನೇ ಎತ್ತಿಕೊಂಡಿತು. "ಹದಿನೇಳೂ! ಎಲ್ಲಿ ಸತ್ತಿದೀಯೋ ಕತ್ತೆ?" ಗುಂಡನ ದನಿ.

"ಹಾಜರ್ ಸಾರ್!" ಎಂದ ಕಹಳೆ, ನೆಲದ ಮೇಲಿಂದ. ಅದೇ ಗಂಟಲು. ಅದೇ ಜೋರು.

"ಶಹಭಾಷ್!" ಎಂದು ಗುಂಡ ಫೋನು ಇಟ್ಟ.

ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಆಸ್ಪತ್ರೆಯ ವಾರ್ಡಿನಲ್ಲಿ ನಾವು ಮೂವರೂ ಗೋಡೆಗೆ ಒರಗಿ ನಿಂತೆವು. ಗುಂಡ ಮುಖ ತೋರಿಸಲಾರದೆ ಕಿಟಕಿಯ ಕಡೆ ತಿರುಗಿಕೊಂಡಿದ್ದ. ವೈದ್ಯರು ಎಲ್ಲಿ ನೋವು, ಎಷ್ಟು ನೋವು ಎಂದು ಕೇಳಿದರೆ ಅವನು ಬಾಯಿ ತೆರೆದು ತಡಕಾಡಿದ. ಲೀಡರಮ್ಮ ಸಮಾಧಾನ ಮಾಡಲೆಂದು ಅವನ ಕೈ ಹಿಡಿದು, "ಏನೋ, ನನ್ನ ಹದಿನೇ..." ಎನ್ನುವಷ್ಟರಲ್ಲಿ ಅತ್ತಿಗೆ ಎದ್ದು ಬಂದರು.

"ಬೇಡ ಅಕ್ಕಾ. ಅದನ್ನಿನ್ನು ಯಾರೂ ಕೂಗ್ಬೇಡಿ." ನಮ್ಮ ಮೂವರ ಕಡೆಗೂ ತಿರುಗಿ ಕೇಳಿದರು. "ಕರೆದ್ರೆ ಬಂದೆ ಅನ್ನೋದು ಕಲಿಸಿದಾರೆ. ಬಿದ್ದಿದೀನಿ ಬನ್ನಿ ಅನ್ನೋದು ಯಾಕೆ ಕಲಿಸ್ಲಿಲ್ಲ ನಿಮ್ಮ ಮೇಷ್ಟ್ರು?"

ಆ ಮೇಷ್ಟ್ರ ಮುಂದೆ ಕೂತು ನಾಲ್ಕಕ್ಷರ ಕಲಿತು, ಅದರಿಂದಲೇ ಅನ್ನ ತಿನ್ನುತ್ತಿರುವವನು ನಾನು. ಅವರ ಪರವಾಗಿ ಒಂದು ಮಾತಾದರೂ ಆಡಬೇಕು ಅನ್ನಿಸಿತು. ಔಷಧಿ ಚೀಟಿಯನ್ನು ಮಡಚಿ ಜೇಬಿಗಿಟ್ಟೆ.

"ನಾವು ಸರದಿ ಮೇಲೆ ಬಂದು ಕೂತ್ಕೋತೀವಿ ಅತ್ತಿಗೆ," ಎಂದ ಗುಂಡ ಕಿಟಕಿಯಿಂದಲೇ. "ಒಬ್ಬೊಬ್ರು ಒಂದೊಂದು ಹೊತ್ತು."

"ಯಾರು, ಯಾವ ಹೊತ್ತು?"

ಲೀಡರಮ್ಮನಿಗೆ ಬೆಳಿಗ್ಗೆಯಿಂದ ಸಂಜೆವರೆಗೂ ಕಚೇರಿ. ನನಗೆ ಹಗಲೆಲ್ಲ ತರಗತಿ. ಗುಂಡ ಅಂಗಡಿಯ ಬಾಗಿಲು ಹಾಕಿದರೆ ಆ ದಿನದ ಗಿರಾಕಿ ಎದುರಿನ ಅಂಗಡಿಗೆ. ಭಾನುವಾರ, ಎಂದೆ ನಾನು. ಭಾನುವಾರ ಕಾರ್ಖಾನೆಗೇ ರಜೆ.

"ಬಿಡಿ ಅಣ್ಣಾ, ನಿಮ್ಮದೇನು ತಪ್ಪು," ಎಂದರು ಅತ್ತಿಗೆ. ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ಮೂಳೆಗೆ ಶಸ್ತ್ರಚಿಕಿತ್ಸೆ ಮಾಡಿಸಿ ಮನೆಗೆ ಕರೆತಂದ ಮೇಲೆ ಅತ್ತಿಗೆ ಕಾರ್ಖಾನೆಗೆ ಹೋಗಿ ತನ್ನ ಮಷೀನು ಬಿಟ್ಟುಕೊಡುವುದಾಗಿ ಹೇಳಿ ಬರಬೇಕಿತ್ತು. ಮನೆಯಲ್ಲೇ ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸ ಕೊಡುತ್ತಾರೇನೋ ಕೇಳುವುದೂ ಇತ್ತು. ಕೊಡುತ್ತಾರೆಂಬ ನಂಬಿಕೆ ಆಕೆಗೇ ಇರಲಿಲ್ಲ. ಅಷ್ಟು ಹೊತ್ತು ನಾನು ರಜೆ ಹಾಕಿ ಅವನ ಬಳಿ ಕೂತೆ.

ಅವನು ನನ್ನನ್ನು ನೋಡುತ್ತಾ ಮಲಗಿದ್ದ. ಶಾಲೆಯ ಮಾತು ತೆಗೆಯಲು ಧೈರ್ಯವಾಗಲಿಲ್ಲ. ಬಾಯಿ ತೆರೆದು "ಅ..." ಎಂದ. ಯಾರೂ ಕೂಗಿರಲಿಲ್ಲ, ಅವನಾಗಿಯೇ ಅಂದದ್ದು. "ಅ... ಅ..." ನಾನು ದಡಬಡಿಸಿ ಎದ್ದೆ. ನೀರು ತಂದೆ, ತಲೆ ಆಡಿಸಿ ಬೇಡವೆಂದ. ದಿಂಬು ಸರಿಮಾಡಿದೆ. ಅಲ್ಲ. ಕಾಲಾ? ಅಲ್ಲ. ಮೂತ್ರದ ಪಾತ್ರೆ ಇಡಲಾ? ಫ್ಯಾನು ನಿಲ್ಲಿಸಲಾ? ಅಲ್ಲ, ಅಲ್ಲ. ಕೇಳುತ್ತಾ ಹೋದಂತೆ ಅವನ ಮುಖ ಕೆಂಪಾಯಿತು. ಎಡಗೈಯಿಂದ ಮಂಚದ ಪಟ್ಟಿಯನ್ನು ಗುದ್ದಿದ. ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿದ.

ಅತ್ತಿಗೆ ಬಂದಾಗ ನಡೆದದ್ದು ಹೇಳಿದೆ. ಆಕೆ ಚಪ್ಪಲಿ ಬಿಡುವುದನ್ನೂ ಮರೆತು ಮಂಚದ ಬಳಿಗೆ ಓಡಿದರು. "ಏನ್ರೀ? ಏನ್ ಹೇಳೋಕ್ಕೆ ಹೋದ್ರಿ? ನೀರಾ? ಕಾಲಾ? ಬೆನ್ನಾ?" ನಾನು ಕೇಳಿದ್ದನ್ನೇ, ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ಕೇಳಿದರು. ಅವನು ತಿರುಗಲಿಲ್ಲ. ಹೆಗಲು ಮಾತ್ರ ಒಮ್ಮೆ ಅದುರಿತು.

"ಅ ಅಂದ್ರಾ? ಅಂದಿದ್ದು ಅ ತಾನೇ?" ನನ್ನ ಕಡೆ ತಿರುಗಿ ಕೇಳಿದರು. "ಅ ಅಂದ್ರೆ ಏನಿರ್ಬೋದು ಅಣ್ಣಾ? ನೀವು ಓದಿದೋರು. ಇವ್ರ ಜೊತೇಲೇ ಓದಿದೋರು. ಹೇಳಿ."

ಅನ್ನ, ಎಂದೆ. ಅಮ್ಮ, ಎಂದೆ. ಒಂದೊಂದಕ್ಕೂ ಆಕೆ ಬಗ್ಗಿ ಅವನ ಕಿವಿಯಲ್ಲಿ ಆ ಪದವನ್ನು ಹೇಳಿ, ಮುಖ ನೋಡಿ, ಇಲ್ಲವೆಂದು ನನ್ನತ್ತ ತಲೆಯಾಡಿಸಿದರು. "ಇನ್ನೊಂದು ಹೇಳಿ." ಹೇಳಿದೆ. "ಇನ್ನೊಂದು."