ನೀಲಿ ಲೋಟ ಇಳಿದ ಭಾನುವಾರ

ಇಸ್ತ್ರಿಯಮ್ಮ ಒಮ್ಮೆ ಹಾಕಿದ ಗೆರೆ ಅಳಿಯುವುದಿಲ್ಲ ಎಂಬ ಮಾತು ಬಟ್ಟೆಗೂ ಸಲ್ಲುತ್ತದೆ, ಅವಳ ಹಟಕ್ಕೂ ಸಲ್ಲುತ್ತದೆ. ಮೂಲೆಯಂಗಡಿಯಲ್ಲಿ ನಿಂತು ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿಯೇ ಮಗಳನ್ನು ದಡ ಸೇರಿಸಿದವಳು ಅವಳು. ಭಾನುವಾರ ಮಾತ್ರ ಅಂಗಡಿಗೆ ಬೀಗ. ಅಂದು ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಎಲ್ಲರಿಗೂ ಟೀ ಕಾಸುವುದು ಅವಳ ಪಾಲಿನ ಸೇವೆ.

ಆ ಕೋಣೆಯ ಗೋಡೆಗುಂಟ ಹಿತ್ತಾಳೆಯ ಕೊಕ್ಕೆಗಳಿವೆ. ಸಭೆಯ ಒಬ್ಬೊಬ್ಬರಿಗೂ ಒಂದು ಕೊಕ್ಕೆ, ಅದರಲ್ಲಿ ಅವರದೇ ಹಿಡಿಕೆಯ ಪಿಂಗಾಣಿ ಲೋಟ. ಚರ್ಚು ಸ್ವಂತ ಮನೆಯಂತಿರಲಿ ಎಂದು ಬಡಗಿಯಾಗಿದ್ದ ಅವಳ ಗಂಡನೇ ಕೊಕ್ಕೆಗಳನ್ನು ಹೊಡೆದಿದ್ದ. ಅವನು ತೀರಿಕೊಂಡು ವರ್ಷಗಳಾದರೂ ಅವನ ನೀಲಿ ಲೋಟ ಬಾಗಿಲ ಪಕ್ಕದ ಕೊಕ್ಕೆಯಲ್ಲೇ ಇತ್ತು. ಯಾರೂ ಕುಡಿಯದ ಆ ಲೋಟವನ್ನು ಅವಳು ವಾರವಾರ ತೊಳೆದು, ಒರೆಸಿ, ಚಕ್ಕೆ ಎದ್ದ ಅಂಚು ಗೋಡೆಯ ಕಡೆಗೆ ಬರುವಂತೆ ತೂಗುಹಾಕುತ್ತಿದ್ದಳು.

ಹೊಸಬರಿಗೆ ಕಾಗದದ ಲೋಟ. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಬೇಕರಿಯ ಕೆಲಸಕ್ಕೆಂದು ಊರಿಗೆ ಬಂದ ಹೆಂಗಸೊಬ್ಬಳು ಆರಾಧನೆಗೆ ಬರತೊಡಗುವ ತನಕ ಇಸ್ತ್ರಿಯಮ್ಮನಿಗೂ ಅನ್ನಿಸಿರಲಿಲ್ಲ. ಆ ಹೆಂಗಸಿನ ಬಟ್ಟೆಯ ಚೌಕ ಮಡಿಕೆಗಳನ್ನು ಕಂಡೇ ಅವಳಿಗೆ ತಿಳಿಯಿತು: ಇಸ್ತ್ರಿಪೆಟ್ಟಿಗೆ ಇಲ್ಲದೆ, ಹಾಸಿಗೆಯ ಕೆಳಗಿಟ್ಟು ಗರಿಗರಿ ಮಾಡಿಕೊಂಡದ್ದು. ಅಷ್ಟು ಆಸೆಯಿಂದ ಬಂದವಳು ಗೋಡೆಯ ಲೋಟಗಳನ್ನೊಮ್ಮೆ ನೋಡಿ, ಗೇಟಿನ ಹತ್ತಿರ ಒಬ್ಬಳೇ ನಿಂತು ಟೀ ಕುಡಿದು, ಲೋಟ ಬುಟ್ಟಿಗೆಸೆದು ಹೊರಟುಬಿಡುತ್ತಿದ್ದಳು. ಹೀಗೇ ಆದರೆ ಒಂದು ಭಾನುವಾರ ಬರುವುದನ್ನೇ ನಿಲ್ಲಿಸುತ್ತಾಳೆ ಎಂಬ ಚಿಂತೆ ಇಸ್ತ್ರಿಯಮ್ಮನಿಗೆ ಹತ್ತಿತು.

"ಲೋಟಗಳೆಲ್ಲ ಎಲ್ಲರದ್ದೂ ಆಗ್ಲಿ. ಕೈಗೆ ಸಿಕ್ಕಿದ್ರಲ್ಲಿ ಕುಡಿಯೋಣ" ಎಂದು ಅವಳು ಮಾತು ತೆಗೆದಾಗ, ಚರ್ಚಿನ ಗಂಟೆ ಬಾರಿಸುವ ಹಿರಿಯರು, ಎಲ್ಲರ ಬಾಯಲ್ಲೂ ಗಂಟೆಮಾವ, ಮೀಸೆಯಡಿ ನಕ್ಕರು.

"ಹೇಳೋದು ಸುಲಭ ಕಣಮ್ಮಾ. ಮೊದ್ಲು ಆ ನೀಲಿ ಲೋಟ ಇಳೀಲಿ, ಆಮೇಲೆ ನಮ್ದು."

ವಾರವಿಡೀ ಆ ಮಾತು ಇಸ್ತ್ರಿಪೆಟ್ಟಿಗೆಯ ಕೆಂಡದ ಹಾಗೆ ಅವಳೊಳಗೇ ಉರಿಯಿತು. ಮಾವ ಆಡಿದ್ದು ಕುಹಕವೇ, ಆದರೆ ಸುಳ್ಳಲ್ಲ.

ಮುಂದಿನ ಭಾನುವಾರ ಟೀ ಕುದಿಯುತ್ತಿದ್ದಾಗ ನಾದಿನಿ ಕಪಾಟು ತಡಕಾಡಿದಳು. "ಅತ್ತಿಗೆ, ಕಾಗದದ ಲೋಟ ಎಲ್ಲಿ?"

"ತಂದಿಲ್ಲ."

"ಮರೆತ್ರಾ?"

"ಮರೆಯೋಕೆ ನನಗೇನು ಗಂಟೆಮಾವನ ವಯಸ್ಸಾ? ಇನ್ನು ತರೋದೇ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಬೇಕರಿಯವಳ ಕಿವಿಗೆ ಇದು ಬಿತ್ತು. "ನನಗೆ ಬೇಡಕ್ಕಾ, ಟೀ ಅಭ್ಯಾಸ ಇಲ್ಲ" ಎಂದು ಹಿಂದೆ ಸರಿದಳು.

"ವಾರವಾರ ತಳ ಕಾಣೋ ತನಕ ಕುಡೀತೀಯ, ನಾನು ನೋಡಿಲ್ವಾ? ಬಾ ಇಲ್ಲಿ."

ಇಸ್ತ್ರಿಯಮ್ಮನ ಕೈ ಬಾಗಿಲ ಪಕ್ಕದ ಕೊಕ್ಕೆಯ ಬಳಿ ಒಂದು ಗಳಿಗೆ ತಡೆಯಿತು. ನೀಲಿ ಲೋಟ ಇಳಿಯಿತು.

"ಅತ್ತಿಗೆ! ಅದು ಅಣ್ಣಂದು!"

"ಹೌದು. ನಿಮ್ಮಣ್ಣ ಇದ್ದಿದ್ರೆ ನನಗಿಂತ ಮೊದ್ಲೇ ಕೊಟ್ಟಿರೋರು." ಲೋಟದ ತುಂಬ ಟೀ ಸುರಿದು ಬೇಕರಿಯವಳ ಕೈಗಿತ್ತಳು. "ಆ ಕಡೆ ಅಂಚು ಚೂರು ಹೋಗಿದೆ, ಈ ಕಡೆಯಿಂದ ಕುಡಿ. ಕೂತ್ಕೊಂಡು ಕುಡಿ. ಗೇಟಿಗೆ ಕಾವಲು ಬೇಕಾಗಿಲ್ಲ."

ಎಲ್ಲರ ಕಣ್ಣೂ ಗಂಟೆಮಾವನ ಮೇಲೆ. ಆಡಿದ ಮಾತು ತಿರುಗಿ ಬಂದು ಎದುರಿಗೇ ನಿಂತಿತ್ತು. ಅವರು ಗಂಟಲು ಸರಿಮಾಡಿಕೊಂಡು, ತಮ್ಮ ದೊಡ್ಡ ಲೋಟವನ್ನು ದಾಟಿ, ಕೈಗೆ ಸಿಕ್ಕ ಇನ್ನೊಂದನ್ನು ತೆಗೆದರು.

"ಇದ್ಯಾರದ್ದಮ್ಮಾ, ಹೆಬ್ಬೆರಳಷ್ಟಿದೆ! ಎರಡು ಸಲ ತುಂಬಿಸ್ಬೇಕಾಗುತ್ತೆ."

"ತುಂಬಿಸ್ತೀನಿ ಮಾವ."

ಮುಖ ಗಂಟಿಕ್ಕಿಕೊಂಡೇ ನಾದಿನಿ ಬೆಂಚಿನಲ್ಲಿ ಜಾಗ ಬಿಟ್ಟಳು. ಸ್ವಲ್ಪ ಹೊತ್ತಿಗೆ ಅವಳೇ, ಮನೆಯಲ್ಲಿ ತನ್ನ ಬ್ರೆಡ್ಡು ಯಾಕೆ ಉಬ್ಬುವುದಿಲ್ಲ ಎಂದು ಬೇಕರಿಯವಳನ್ನು ಕೇಳುತ್ತಿದ್ದಳು.

ಎಲ್ಲರೂ ಎದ್ದಾಗ ಬೇಕರಿಯವಳು ಲೋಟ ತೊಳೆದು ತಂದಳು. "ಅಕ್ಕಾ, ಇದನ್ನ ಎಲ್ಲಿ ಹಾಕ್ಲಿ?"

"ಎಲ್ಲಿ ಖಾಲಿ ಇದೆಯೋ ಅಲ್ಲಿ."

ಅವಳು ಕಿಟಕಿ ಪಕ್ಕದ ಕೊಕ್ಕೆಗೆ ಹಾಕಿ, "ಮುಂದಿನ ವಾರ ಬೇಗ ಬಂದು ಪಾತ್ರೆ ತೊಳೆಯೋಕೆ ಸೇರ್ಕೊಳ್ತೀನಿ" ಎಂದು ಹೊರಟಳು. ಚಕ್ಕೆ ಎದ್ದ ಅಂಚು ಎಲ್ಲರಿಗೂ ಕಾಣುವಂತಿತ್ತು. ತಿರುಗಿಸಲು ಇಸ್ತ್ರಿಯಮ್ಮನ ಕೈ ಮುಂದಾಯಿತು. ಆ ಕೈಗೆ ಅವಳು ಒರೆಸುವ ಬಟ್ಟೆ ಹಿಡಿಸಿ, ಮೇಜು ಒರೆಸಲು ತೊಡಗಿದಳು.