ಎಡಗೈಯ ಪರೀಕ್ಷೆ

ಆಂಬುಲೆನ್ಸಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಅವಳನ್ನು ಠಾಣೆಯಲ್ಲಿ ಎಲ್ಲರೂ ಕರೆಯುವುದು ಕೈಯೆತ್ತಕ್ಕ ಎಂದು. ಹೆಸರಿಟ್ಟವನು ಅವಳ ಗಾಡಿಯ ಡ್ರೈವರ್. ಮನೆಯಲ್ಲಿ ಗಂಡ ಮಾತಿನ ನಡುವೆ ಸ್ವಲ್ಪ ತಡವರಿಸಿದರೆ ಸಾಕು, ಪಾರ್ಶ್ವವಾಯುವೇನೋ ಎಂದು "ಎರಡೂ ಕೈ ಎತ್ತಿ" ಎನ್ನುತ್ತಾಳೆ. ಪಾಪ, ಆತ ಬಾಯಲ್ಲಿ ತುತ್ತಿಟ್ಟುಕೊಂಡೇ ಎತ್ತುತ್ತಾನೆ. ಎತ್ತದಿದ್ದರೆ ಊಟ ಮುಂದುವರಿಯುವುದಿಲ್ಲ.

ಅವತ್ತು ಬೆಳಿಗ್ಗೆ ಕರೆ ಬಂದದ್ದು ಟೈಲರ್ ಅಂಗಡಿಯಿಂದ. ಟೈಲರ್ ಹೊಲಿಗೆ ಯಂತ್ರದ ಮುಂದೆ ಎಡಕ್ಕೆ ವಾಲಿ ಕೂತಿದ್ದರು. ಸೂಜಿಯಡಿ ಒಂದು ಅಂಗಿಯ ತೋಳು ಅರ್ಧಕ್ಕೆ ನಿಂತಿತ್ತು. ಅವರ ಎಡಪಕ್ಕದಲ್ಲೇ ಶಾಲು ಹೊದ್ದ ಹೆಂಡತಿ ಒತ್ತಿಕೊಂಡು ಕೂತಿದ್ದರು.

"ಏನಾಯ್ತು ಯಜಮಾನ್ರೇ?"

"ಏನೂ ಆಗಿಲ್ಲಮ್ಮ, ಇವಳಿಗೆ ಸುಮ್‌ಸುಮ್ನೆ ಗಾಬರಿ. ನಿಮ್ಮ ಡ್ರೈವರ್ ಪ್ಯಾಂಟ್ ಉದ್ದ ಆಗಿದೆ ನೋಡಿ. ಬಿಚ್ಚಿಟ್ಟು ಹೋಗಕ್ಕೆ ಹೇಳಿ, ಮಡಚಿ ಹೊಲೀತೀನಿ."

ಡ್ರೈವರ್ ನಕ್ಕುಬಿಟ್ಟ. ಮಾತು ಸ್ಪಷ್ಟವಾಗಿತ್ತು. ಬಾಯಿಯ ಎಡಮೂಲೆ ಮಾತ್ರ ತುಸು ಇಳಿದಿತ್ತು. ಸಕ್ಕರೆ ಇಳಿದರೂ ಹೀಗಾಗಬಹುದೆಂದು ಕೈಯೆತ್ತಕ್ಕ ರಕ್ತದ ಸಕ್ಕರೆ ನೋಡಿದಳು, ಸರಿಯಿತ್ತು.

"ಇವರು ಚೆನ್ನಾಗಿದ್ದದ್ದನ್ನ ಕೊನೇದಾಗಿ ಯಾವಾಗ ನೋಡಿದ್ರಿ?"

"ಅರ್ಧ ಗಂಟೆ ಆಯ್ತು. ನನ್ನ ಜೊತೆ ಜಗಳ ಆಡ್ತಿದ್ರು. ಚೆನ್ನಾಗೇ ಇದ್ರು," ಎಂದರು ಹೆಂಡತಿ.

ಇದು ಪಾರ್ಶ್ವವಾಯು ಎಂದು ತಿಳಿಯಲು ಅಷ್ಟು ಸಾಕು. ಎಷ್ಟು ತೀವ್ರ ಎಂಬುದು ಬೇರೆಯೇ ಲೆಕ್ಕ. ಮುಖಕ್ಕೆ, ಕೈಗೆ, ಕಾಲಿಗೆ, ಕಣ್ಣಿಗೆ, ಒಂದೊಂದಕ್ಕೂ ಅಂಕ ಹಾಕುತ್ತಾರೆ. ಅಂಕ ಕಡಿಮೆಯಾದರೆ ತಿರುವಿನಲ್ಲಿರುವ ಆಸ್ಪತ್ರೆ ಸಾಕು, ಇಂಜೆಕ್ಷನ್ ಕೊಟ್ಟು ಹೆಪ್ಪು ಕರಗಿಸುತ್ತಾರೆ. ಹೆಚ್ಚಾದರೆ ಮಿದುಳಿನ ದೊಡ್ಡ ರಕ್ತನಾಳವೇ ಕಟ್ಟಿಕೊಂಡಿರಬಹುದು. ಅಂಥ ಹೆಪ್ಪನ್ನು ತಂತಿ ಹಾಕಿ ಎಳೆದು ತೆಗೆಯುವವರು ಇರುವುದು ಊರಾಚೆಯ ದೊಡ್ಡಾಸ್ಪತ್ರೆಯಲ್ಲಿ ಮಾತ್ರ. ಮೊದಲು ಇಲ್ಲಿ ಇಳಿಸಿ, ಆಮೇಲೆ ಅಲ್ಲಿಗೆ ಸಾಗಿಸುವ ಹೊತ್ತಿಗೆ ಟೈಲರ್ ಕೈಯ ಕಥೆ ಮುಗಿದಿರುತ್ತದೆ.

"ಪರೀಕ್ಷೆ ಮಾಡಿ ಮಾರ್ಕು ಹಾಕ್ಬೇಕು. ಕಣ್ಣು ಮುಚ್ಚಿ. ಎರಡೂ ಕೈ ಮುಂದಕ್ಕೆ ಎತ್ತಿ."

ಎರಡೂ ಎದ್ದವು. ಎಡಗೈ ಕೊಂಚ ನಡುಗಿತು, ಬೀಳಲಿಲ್ಲ. ಡ್ರೈವರ್ ಆಗಲೇ ತಿರುವಿನ ಆಸ್ಪತ್ರೆಗೆ ತಿಳಿಸಲು ಫೋನ್ ತೆಗೆದಿದ್ದ. ಸಕ್ಕರೆ ನೋಡುವ ಯಂತ್ರವನ್ನು ಚೀಲಕ್ಕೆ ಹಾಕಲು ಬಗ್ಗಿದ ಕೈಯೆತ್ತಕ್ಕನಿಗೆ ಶಾಲಿನ ಮರೆಯಲ್ಲಿ ಐದು ಬೆರಳು ಕಂಡವು. ಹೆಂಡತಿ ಗಂಡನ ಮೊಣಕೈಗೆ ಅಡಿಯಿಂದ ಅಂಗೈ ಕೊಟ್ಟಿದ್ದರು.

"ಯಾಕಮ್ಮ ಹಿಡ್ಕೊಂಡ್ರಿ?"

"ಬಿದ್ರೆ ಮಾರ್ಕು ಕಮ್ಮಿ ಹಾಕ್ತೀರಲ್ಲ!"

ಈ ಪರೀಕ್ಷೆಯಲ್ಲಿ ಅಂಕ ಏರಿದಷ್ಟೂ ಕೇಡು ಎಂದು ಆಕೆಗೆ ಯಾರು ಹೇಳಿದ್ದರು? ಗಂಡ ಪಾಸಾಗಲಿ ಎಂದು ಕೈಲಾದದ್ದು ಮಾಡಿದ್ದರು, ಅಷ್ಟೇ. ಕೈಯೆತ್ತಕ್ಕನಿಗೆ ಸಿಟ್ಟು ಬಂತು, ಆಕೆಯ ಮೇಲಲ್ಲ, ನೋಡದೆ ಹೋದ ತನ್ನ ಕಣ್ಣಿನ ಮೇಲೆ.

"ಸ್ವಲ್ಪ ಆಚೆ ನಿಂತ್ಕೊಳ್ಳಿ. ಯಜಮಾನ್ರೇ, ಇನ್ನೊಂದ್ಸಲ."

ಬಲಗೈ ಒಂದೇ ಎದ್ದಿತು. ಎಡಗೈ ತೊಡೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

"ಎತ್ತಿದೀನಲ್ಲಮ್ಮ, ಎರಡೂ!" ಎಂದರು ಟೈಲರ್, ಪೂರಾ ನಂಬಿಕೆಯಿಂದ.

ಎಡಕ್ಕೆ ನೋಡಿ ಎಂದರೆ ಕಣ್ಣು ಬಲಕ್ಕೇ ಅಂಟಿಕೊಂಡಿತ್ತು. ಅಷ್ಟು ಹೊತ್ತು ಬಲಕ್ಕೆ ನಿಂತ ಡ್ರೈವರನ ಪ್ಯಾಂಟನ್ನೇ ಅವರು ನೋಡುತ್ತಿದ್ದುದು ತಮಾಷೆಗಲ್ಲ. ಅವಳು ಆ ಎಡಗೈಯನ್ನು ಎತ್ತಿ ಬಲಗಡೆಗೆ, ಅವರ ಕಣ್ಣೆದುರಿಗೆ ತಂದು ಹಿಡಿದಳು.

"ಈ ಕೈ ಯಾರದು?"

ಟೈಲರ್ ಮರ್ಯಾದೆಯಿಂದಲೇ ಅದನ್ನು ಪರಿಶೀಲಿಸಿದರು. "ನಿಮ್ದೇ ಇರ್ಬೇಕು."

ಎಡಗೈ ತಮ್ಮದೆಂಬುದನ್ನೇ ಅವರ ಮಿದುಳು ಮರೆತಿತ್ತು, ಅಂಕ ಏರಿತು. ಕೈಯೆತ್ತಕ್ಕ ಡ್ರೈವರನಿಗೆ ಒಂದೇ ಮಾತು ಹೇಳಿದಳು. "ದೊಡ್ಡಾಸ್ಪತ್ರೆ."

ಗಾಡಿ ತಿರುವಿನ ಆಸ್ಪತ್ರೆಯ ಗೇಟು ದಾಟಿದಾಗ ಹೆಂಡತಿ ಕಿಟಕಿಗೆ ಬಡಿದು ಕೂಗಿಕೊಂಡರು. ಊರಾಚೆಯ ದೊಡ್ಡಾಸ್ಪತ್ರೆಗೆ ಹೋಗುತ್ತಿದ್ದೇವೆ ಎಂದು ಒಮ್ಮೆ ಹೇಳಿ, ಕೈಯೆತ್ತಕ್ಕ ಫೋನಿನಲ್ಲಿ ಅಲ್ಲಿನ ಡಾಕ್ಟರಿಗೆ ಅಂಕ ಹೇಳತೊಡಗಿದಳು. ಹಾಗಾಗಿ ಅಲ್ಲಿ ಬಾಗಿಲು ತೆರೆದೇ ಇತ್ತು. ಸ್ಟ್ರೆಚರ್ ನೇರ ಒಳಗೆ ಹೋಯಿತು.

ಹೊರಗಿನ ಬೆಂಚಿನಲ್ಲಿ ಹೆಂಡತಿ ಅವಳನ್ನು ತಡೆದರು. "ನಾನು ಹಿಡ್ಕೊಳ್ದೇ ಇದ್ದಿದ್ರೆ ಇನ್ನೂ ಬೇಗ ಬರ್ತಿದ್ವಾ?"

ಇಂಥ ಹೊತ್ತಿನಲ್ಲಿ ಎಲ್ಲರೂ ಇಲ್ಲ ಎನ್ನುತ್ತಾರೆ. ಕೈಯೆತ್ತಕ್ಕನಿಗೆ ಆ ವಿದ್ಯೆ ಬರುವುದಿಲ್ಲ.

"ಸ್ವಲ್ಪ ಬೇಗ ಬರ್ತಿದ್ವಿ. ತುಂಬಾ ಅಲ್ಲ."

ಆಕೆ ಅಳಲಿಲ್ಲ. ಕೈಯೆತ್ತಕ್ಕನ ಕೈ ಹಿಡಿದುಕೊಂಡರು. "ಹಾಗಾದ್ರೆ ಒಳಗೇನಾಯ್ತು ಅಂತಾನೂ ನೀವೇ ಬಂದು ಹೇಳಿ. ಬೇರೆಯವರು ನನ್ನ ಸಮಾಧಾನಕ್ಕೆ ಹೇಳ್ತಾರೆ."

ಒಪ್ಪಿಸಿದ ರೋಗಿಯ ಗತಿ ವಿಚಾರಿಸುವುದು ಅವಳ ಜಾಯಮಾನವಲ್ಲ. ಆದರೂ ಸಂಜೆ ಇನ್ನೊಬ್ಬ ರೋಗಿಯನ್ನು ಅಲ್ಲಿಗೆ ತಂದು ಇಳಿಸಿದವಳು, ವಾರ್ಡಿಗೆ ಹೋಗಿ ಟೈಲರನ್ನು ಕಂಡು ಬಂದಳು. ಹೊರಗಿನ ಬೆಂಚಿನಿಂದ ಹೆಂಡತಿ ಎದ್ದು ನಿಂತರು.

"ಹೆಪ್ಪು ತೆಗೆದಿದ್ದಾರೆ. ಬೆರಳು ಅಲ್ಲಾಡ್ತಿದೆ," ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ಆದ್ರೆ ಆ ಕೈ ತಮ್ಮದು ಅಂತ ಇನ್ನೂ ಒಪ್ತಾ ಇಲ್ಲ."

ಹೆಂಡತಿ ಬೆಳಗಿನಿಂದ ಮೊದಲ ಸಲ ಶಾಲು ತೆಗೆದು ಮಡಚಿ ಬೆಂಚಿನ ಮೇಲಿಟ್ಟರು.

"ಒಪ್ಪಿಸೋದು ನನಗೆ ಬಿಡಿ. ಮದುವೆ ಆದಾಗಿಂದ ಆ ಮನುಷ್ಯ ಯಾವುದನ್ನ ಮೊದಲ್ನೇ ಸಲಕ್ಕೆ ಒಪ್ಪಿದಾರೆ?" ಎಂದು ಒಳಗೆ ನಡೆದರು.