ಬಾಲ್ ಜಾಯಿಂಟ್ ಬಿಚ್ಚಿಸಲು ಕೆಂಗೇರಿಗೆ

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಬಸವೇಶ್ವರನಗರದ ಮನೆಯಿಂದ ಹೊರಟೆವು. ನಾನು, ಹೆಂಡತಿ ಸುಮ, ಮತ್ತು ನಮ್ಮ ಐವತ್ತು ದಾಟಿದ ಪುಟ್ಟ ಮಿನಿ ಕಾರು. ಕೆಂಗೇರಿಗೆ ಸುಮಾರು ಹದಿನಾಲ್ಕು ಕಿಲೋಮೀಟರು. ಹಿಂದಿನ ದಿನದ ಮಳೆಗೆ ರಸ್ತೆ ಇನ್ನೂ ಒದ್ದೆಯಾಗಿತ್ತು. ಸುಮ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ತುಂಬಿಕೊಂಡಿದ್ದಳು, ಮೆಕ್ಯಾನಿಕ್ ಪುಟ್ಟಸ್ವಾಮಿಯವರಿಗೂ ಆಗುವಷ್ಟು. ಅವರೆದುರು ಕೂತು ತಿನ್ನುವ ಮುಖ ನನಗಿರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ.

ಸಂಗತಿ ಇಷ್ಟು. ಮಿನಿಯ ಮುಂದಿನ ಒಂದೊಂದು ಚಕ್ರಕ್ಕೂ ಮೇಲೊಂದು ಕೆಳಗೊಂದು ಬಾಲ್ ಜಾಯಿಂಟ್. ಬಟ್ಟಲಲ್ಲಿ ಕೂತ ಕಬ್ಬಿಣದ ಗುಂಡು ಎಂದುಕೊಳ್ಳಿ. ಬಟ್ಟಲಿನ ಮುಚ್ಚಳದ ಅಡಿ ಷಿಮ್ ಎನ್ನುವ ತೆಳು ಬಿಲ್ಲೆಗಳನ್ನಿಟ್ಟು ಬಿಗಿ ಹೊಂದಿಸಬೇಕು. ಹೋದ ವರ್ಷ ನಾಲ್ಕನ್ನೂ ಹೊಸದು ಹಾಕಿಕೊಟ್ಟ ಪುಟ್ಟಸ್ವಾಮಿಯವರು ತಿಂಗಳಿಗೊಮ್ಮೆ ಗ್ರೀಸ್ ಹೊಡೆಯಿರಿ ಎಂದಿದ್ದರು. ನಾನು ಹೊಡೆಯಲಿಲ್ಲ. ಬಲಗಡೆ ಲೊಟಲೊಟ ಶುರುವಾದಾಗ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ನಾನೇ ಬಿಚ್ಚಿ, ಎರಡು ಷಿಮ್ ತೆಗೆದು ಬಿಗಿ ಮಾಡಿದೆ. ಸದ್ದು ನಿಂತಿತು, ಸ್ಟೀರಿಂಗ್ ಕಲ್ಲಾಯಿತು.

ಹಳೆಯ ಕಾರಿನವರು ನಾವು ಐದು ಜನ ಭಾನುವಾರ ತಟ್ಟೆ ಇಡ್ಲಿಗೆ ಬಿಡದಿಗೆ ಹೋಗುವುದು ರೂಢಿ. ಅಲ್ಲಿ ರಮೇಶ್ ಎನ್ನುವ ಗೆಳೆಯರು ನನ್ನ ಕಾರು ಓಡಿಸಿ ನೋಡಿ, ಇದೇನು ಎಮ್ಮೆ ತಿರುಗಿಸಿದ ಹಾಗಿದೆ, ಯಾರ ಕೆಲಸ ಎಂದು ಎಲ್ಲರೆದುರಿಗೆ ಕೇಳಿದರು. ನಮ್ಮ ಗುಂಪಿನಲ್ಲಿ ಸ್ವಂತ ಕೈಯಲ್ಲಿ ರಿಪೇರಿ ಮಾಡುವವನೆಂದು ನನಗೊಂದು ಹೆಸರಿತ್ತು. "ಕೆಂಗೇರಿ ಸ್ವಾಮಿ ಕೆಲ್ಸ, ಇನ್ಯಾರದು" ಎಂದುಬಿಟ್ಟೆ. ಅಲ್ಲಿದ್ದವರೆಲ್ಲ ಅವರ ಹತ್ತಿರವೇ ಗಾಡಿ ಬಿಡುತ್ತಿದ್ದವರು.

ವಿಜಯನಗರದಲ್ಲಿ ಐನೂರು ರೂಪಾಯಿಯ ಪೆಟ್ರೋಲ್ ಹಾಕಿಸಿದೆ. ಗ್ರೀಸಿಲ್ಲದ ಗುಂಡು ಈಗ ಬಟ್ಟಲನ್ನೇ ತಿಂದಿತ್ತು. ನೇರ ಹೋದರೆ ಸದ್ದು, ತಿರುಗಿದರೆ ಬಿಗಿ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಕೆಳಗೆ ಸಿಗ್ನಲ್ಲಿಗೆ ನಿಂತಾಗ ಡೆಲಿವರಿ ಬೈಕಿನವನೊಬ್ಬ ಬಗ್ಗಿ ನೋಡಿ, "ಅಣ್ಣಾರ, ಮುಂದಿನ ಗಾಲಿ ಅಳ್ಳಾಡಾಕತ್ತೈತ್ರಿ, ಸಾವಕಾಶ ಹೋಗ್ರಿ" ಎಂದ. ಮೈಸೂರು ರಸ್ತೆಯುದ್ದಕ್ಕೂ ಮೂವತ್ತು ಮೀರಲಿಲ್ಲ. ಬೇರೆ ಎರಡು ಗ್ಯಾರೇಜಿನವರು ಇದಕ್ಕೆ ಸ್ವಾಮಿಯವರ ಕೈಯೇ ಆಗಬೇಕು ಎಂದು ವಾಪಸ್ ಕಳಿಸಿದ್ದರಿಂದ ಈ ಪ್ರಯಾಣ. ಇಲ್ಲದಿದ್ದರೆ ನಾನು ಆ ಕಡೆ ತಲೆ ಹಾಕುತ್ತಿರಲಿಲ್ಲ.

ಎಂಟೂವರೆಗೆ ತಲುಪಿದೆವು. ಯಾವಾಗಲೂ ನಾಲ್ಕೈದು ಹಳೆಯ ಗಾಡಿ ನಿಂತಿರುತ್ತಿದ್ದ ಶೆಡ್ಡಿನಲ್ಲಿ ಒಂದು ಸ್ಕೂಟರ್ ಮಾತ್ರ ಇತ್ತು. ಅರವತ್ತು ದಾಟಿದ ಪುಟ್ಟಸ್ವಾಮಿಯವರು ಜಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. "ಅಕ್ಕಾ, ವಸಿ ಬ್ರೇಕ್ ತುಳ್ಕೊಂಡಿರಿ" ಎಂದು ಸುಮಳಿಗೆ ಹೇಳಿ ಮತ್ತೆ ಅಲ್ಲಾಡಿಸಿದರು. ಬ್ರೇಕ್ ತುಳಿದಾಗ ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ನಿಲ್ಲಲಿಲ್ಲ.

ಅವರದೊಂದು ಪದ್ಧತಿ ಇದೆ. ಜಾಯಿಂಟ್ ಕೂರಿಸಿದ ಮೇಲೆ ನಟ್ಟಿಗೂ ಅದು ಕೂರುವ ಕಬ್ಬಿಣಕ್ಕೂ ಸೇರಿಸಿ ಉಳಿಯಿಂದ ಒಂದು ಸಣ್ಣ ಗೀರು ಹಾಕುತ್ತಾರೆ. ಚಕ್ರ ಬಿಚ್ಚಿ, ಬಟ್ಟೆಯಿಂದ ಒರೆಸಿ, ಕನ್ನಡಕ ಏರಿಸಿ ನೋಡಿದರು. ಗೀರಿನ ಎರಡು ತುಂಡುಗಳು ಒಂದರ ಎದುರು ಒಂದು ಇರಲಿಲ್ಲ.

"ಯಾರೋ ಕೈ ಹಾಕವ್ರೆ" ಎಂದರು.

ಬೇರೆ ಗ್ಯಾರೇಜಿನವನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, ನಟ್ಟು ತಿರುಗದಂತೆ ಅಂಚು ಮಡಚಿ ಹಿಡಿಸುವ ಲಾಕ್ ಪ್ಲೇಟನ್ನು ಅಂಗೈಯಲ್ಲಿಟ್ಟು ತೋರಿಸಿದರು. ಒಮ್ಮೆ ಮಡಚಿದ್ದನ್ನು ಸುತ್ತಿಗೆಯಿಂದ ತಟ್ಟಿ ಮತ್ತೆ ಹಾಕಿದ್ದೆ. "ಕಸಬಿನವ್ನು ಇದನ್ನ ತಿರ್ಗ ಹಾಕಲ್ಲ ಸಾರ್. ಹೊಸದು ಹಾಕ್ತಾನೆ."

ನಾನೇ ಎಂದೆ. ಬ್ರೇಕಿನ ಮೇಲೆ ಕಾಲಿಟ್ಟು ಇನ್ನೂ ಕಾರಿನಲ್ಲೇ ಕೂತಿದ್ದ ಸುಮ ತಲೆ ಹೊರಗೆ ಹಾಕಿದಳು.

"ಬಿಡದೀಲಿ ಯಾರೋ ನನ್ನ ಹೆಸ್ರು ಹೇಳವ್ರೆ ಅಂತ ಕಿವಿಗೆ ಬಿದ್ದಿತ್ತು. ಅದೂ ನೀವೇಯಾ?" ಎಂದು ಪುಟ್ಟಸ್ವಾಮಿಯವರು ಕೇಳಿದರು.

ಅದಕ್ಕೂ ಹೂಂ ಎಂದೆ. ಅವರು ಸಿಟ್ಟಾಗಲಿಲ್ಲ, ಸ್ಟೂಲಿನ ಮೇಲೆ ಕೂತರು. "ನಾಲ್ಕು ಗಾಡಿ ಬರೋದು ನಿಂತೋಯ್ತು. ಅದು ಹೋಗ್ಲಿ. ಷಿಮ್ ಲೆಕ್ಕ ತಪ್ಪಿದ್ನಾ ಅಂತ ಕಣ್ಣಿನ ಡಾಕ್ಟ್ರ ತಾವ ಹೋಗ್ಬಂದೆ ಸಾರ್. ಆಮೇಲೆ ಬಾಲ್ ಜಾಯಿಂಟ್ ಕೆಲ್ಸನೇ ಬಿಟ್ಬುಟ್ಟೆ. ಇವತ್ತೇ ಮತ್ತೆ ಮುಟ್ಟಿದ್ದು."

ಸುಮ ಡಬ್ಬಿ ತೆಗೆದು ಮೊದಲು ಅವರಿಗೆ ಬಡಿಸಿದಳು. ನನಗೆ ತಿನ್ನಲಾಗಲಿಲ್ಲ.

ಆಮೇಲೆ ಅವರು ಕೆಲಸಕ್ಕೆ ಕೂತರು. ಹೊಸ ಬಟ್ಟಲು, ಹೊಸ ಗುಂಡು. ಷಿಮ್ ಇಲ್ಲದೆ ಬಿಗಿದು, ಉಳಿದ ಸಂದಿಯನ್ನು ಅಳೆದು, ಅಷ್ಟೇ ದಪ್ಪದ ಬಿಲ್ಲೆಗಳನ್ನು ಆರಿಸಿದರು. ಮೂರು ಬಾರಿ ಬಿಚ್ಚಿದರು. ಹಿಂದೆಲ್ಲ ಒಂದೇ ಸಲಕ್ಕೆ ಮುಗಿಸುತ್ತಿದ್ದ ಕೈ ಅದು. ಕೊನೆಗೆ ಗ್ರೀಸ್ ತುಂಬಿ ನನ್ನನ್ನು ಕರೆದು, ಗುಂಡಿನಿಂದ ಹೊರಚಾಚಿದ ಪಿನ್ನನ್ನು ಬೆರಳಲ್ಲಿ ಆಡಿಸಿ ನೋಡಿ ಎಂದರು. ಸಡಿಲವೂ ಇಲ್ಲ, ಬಿಗಿಯೂ ಇಲ್ಲ, ಬೆಣ್ಣೆಯೊಳಗೆ ತಿರುಗಿಸಿದ ಹಾಗೆ. ಸರಿಯಾಗಿದೆಯಾ ಎಂದು ಅವರು ನನ್ನನ್ನೇ ಕೇಳಿದರು. ಆ ಪ್ರಶ್ನೆಗೆ ನಾನು ಕುಗ್ಗಿಹೋದೆ.

ಹನ್ನೆರಡೂವರೆಗೆ ಉಪನಗರದ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದೆವು. ತಿರುವು ಮುಗಿದ ಮೇಲೆ ಕೈ ಸಡಿಲಿಸಿದರೆ ಸ್ಟೀರಿಂಗ್ ತಾನಾಗಿ ನೆಟ್ಟಗಾಯಿತು. ಶೆಡ್ಡಿಗೆ ಮರಳಿದ ಕೂಡಲೇ ನಾನು ಫೋನ್ ತೆಗೆದು, ಈಗಲೇ ನಿಮ್ಮೆದುರಿಗೇ ಎಲ್ಲರಿಗೂ ನಿಜ ಹೇಳುತ್ತೇನೆ ಎಂದೆ.

ಅವರು ಕೈ ಒರೆಸಿಕೊಳ್ಳುತ್ತ ತಲೆಯಾಡಿಸಿದರು. "ನನ್ನ ಮುಂದೆ ಬ್ಯಾಡ ಸಾರ್. ನಾನಿಲ್ದಾಗ ಹೇಳಿದ್ರಿ. ನಾನಿಲ್ದಾಗ್ಲೇ ಹೇಳಿ."

ಹೊರಟು ಕನ್ನಡಿಯಲ್ಲಿ ನೋಡಿದೆ. ಅವರು ಆಗಲೇ ಒಳಗೆ ಹೋಗಿದ್ದರು.

ನಾಯಂಡಹಳ್ಳಿ ದಾಟಿ ರಸ್ತೆ ಪಕ್ಕ ನಿಲ್ಲಿಸಿ ರಮೇಶ್ ಅವರಿಗೆ ಫೋನ್ ಮಾಡಿದೆ. ಬಿಡದಿಯಲ್ಲಿ ಹೇಳಿದ್ದು ಸುಳ್ಳು, ಕೆಡಿಸಿದ್ದು ನಾನು ಎಂದೆ. ಅವರು ನಕ್ಕರು. "ಅಯ್ಯೋ ಅದಾ? ನಾನು ಮರ್ತೇಬಿಟ್ಟಿದ್ದೆ ಕಣ್ರೀ." ಹಾಗಾದರೆ ಗಾಡಿ ಮತ್ತೆ ಸ್ವಾಮಿಯವರಿಗೆ ಬಿಡುತ್ತೀರಾ ಎಂದು ಕೇಳಿದೆ. ಈಗ ಹೇರೋಹಳ್ಳಿಯ ಹತ್ತಿರ ಒಬ್ಬರು ಗೊತ್ತಾಗಿದ್ದಾರೆ, ಅವರೇ ಅಭ್ಯಾಸವಾಗಿದ್ದಾರೆ, ನೋಡೋಣ ಎಂದರು.

ಫೋನ್ ಇಟ್ಟೆ. ಸುಮ ಕಿಟಕಿಯ ಕಡೆ ನೋಡುತ್ತಲೇ, "ಇನ್ನೂ ಮೂರು ಜನ ಇದಾರೆ" ಎಂದಳು.

ಎಂಜಿನ್ ಆಫ್ ಮಾಡಿ ಮುಂದಿನ ನಂಬರು ಹುಡುಕಿದೆ.